ಹುಲಿ ಯಾರು, ಕುರಿ ಯಾರು?

ಆನೆಗುಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿಯ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಗೆರೆಗಳು ಇಂದಿಗೂ ಕಾಣುತ್ತವೆ. ಒಬ್ಬ ಹುಲಿ, ಅವನಿಗೆ 3 ಕಾಯಿ. ಇನ್ನೊಬ್ಬ ಕುರಿ, ಅವನಿಗೆ 15. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕೂಡಿಹಾಕಬೇಕು. ಖರ್ಚು? ಸೀಮೆಸುಣ್ಣ, 18 ಹಳ್ಳು. ಕುಷ್ಟಗಿ ಬಸ್ಸು ತಡವಾದರೆ ನಿಲ್ದಾಣದ ಕಟ್ಟೆಯೇ ಸಾಕು ನೋಡ್ರಿ!

ದುಡಿಯಲು ಬೆಂಗಳೂರಿಗೆ ಹೋದ ಮಗನ ಕೂಡ ಯಲಬುರ್ಗಾದ ಅಪ್ಪನೂ ಆಡಬಹುದು. ಎರಡೂ ಕಡೆ ಒಂದೇ ಪಟ ಬರೆದು, ಗೆರೆ ಕೂಡುವಲ್ಲೆಲ್ಲ ಅಂಕಿ ಹಾಕಿ, ಫೋನಿನಲ್ಲಿ ನಡೆ ಹೇಳಿದರಾಯಿತು.

ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್‌ಗಳದ್ದು ಬೇರೆ ಕಥೆ. ಅಂಥ ಆಟಗಳನ್ನು ನಿಷೇಧಿಸಿ 2025ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಆದರೂ ‘ನೂರು ಹಾಕಿ, ಸಾವಿರ ತಗೊಳ್ಳಿ’ ಎಂಬ ಮೆಸೇಜು ಬಂದೀತು. ಅಲ್ಲಿ ಹುಲಿಯ ಮುಖವೇ ಕಾಣುವುದಿಲ್ಲ. ಮೋಸವಾಗಿ ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ.