ಕಬ್ಬಿಣದ ಎಲುಬಿನ ಮನೆ

ನಮ್ಮ ಕಾಂದಿವಲಿಯಲ್ಲಿ ಹೊಸ ಕಟ್ಟಡಗಳು ಏಳುವುದನ್ನು ನೀವು ದಿನವೂ ಕಾಣುತ್ತೀರಿ. ಮೊದಲು ಕಂಬ ತೊಲೆಗಳ ಪಂಜರ ಮೇಲೇರುತ್ತದೆ. ಗೋಡೆ ಆಮೇಲೆ ಬರುತ್ತದೆ. ನನ್ನ ಹುಟ್ಟೂರಿನ ಮಣ್ಣಿನ ಮನೆಯಲ್ಲಿ ಹಾಗಲ್ಲ. ಅಲ್ಲಿ ಗೋಡೆಯೇ ಮೊದಲು, ಮಾಳಿಗೆಯ ಭಾರವೆಲ್ಲ ಅದರ ಮೇಲೆ. ಆದಕಾರಣವೇ ಅದು ಅಷ್ಟು ದಪ್ಪ. ಗೋಡೆಯ ಗೂಡೊಂದರಲ್ಲಿ ನನ್ನ ಶಾಲೆಯ ಪುಸ್ತಕಗಳಷ್ಟೂ ಹಿಡಿಯುತ್ತಿದ್ದವು.

ಗೋಡೆಯ ಮೇಲೆ ಭಾರ ಹೊರಿಸಿ ಎತ್ತರಕ್ಕೆ ಹೋದಂತೆಲ್ಲ ಅದರ ಬುಡ ದಪ್ಪವಾಗಲೇಬೇಕು. ಅಮೆರಿಕದ ಶಿಕಾಗೋ ನಗರದಲ್ಲಿ 1891ರಲ್ಲಿ ಇಟ್ಟಿಗೆಯ ಗೋಡೆಗಳ ಮೇಲೆಯೇ 16 ಅಂತಸ್ತು ಏರಿದ ಮೊನಾಡ್‌ನಾಕ್ ಕಟ್ಟಡದ ಗೋಡೆ ಬುಡದಲ್ಲಿ 6 ಅಡಿ ದಪ್ಪವಿದೆ. ಇನ್ನೂ ಏರಿಸಿದರೆ ಕೆಳಗೆ ಅಂಗಡಿಗೆ ಸ್ಥಳವೆಲ್ಲಿ?

ಅದೇ ನಗರದಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಎಂಬ ವಾಸ್ತುಶಿಲ್ಪಿ 1885ರಲ್ಲೇ ಬೇರೆ ದಾರಿ ಹಿಡಿದಿದ್ದನು. ಅವನ 10 ಅಂತಸ್ತಿನ, 138 ಅಡಿ ಎತ್ತರದ ಹೋಮ್ ಇನ್ಶೂರೆನ್ಸ್ ಕಟ್ಟಡದ ಭಾರವನ್ನು ಬಹುಮಟ್ಟಿಗೆ ಲೋಹದ ಪಂಜರವೇ ಹೊತ್ತಿತ್ತು. ಮೇಲಿನ ಅಂತಸ್ತುಗಳಲ್ಲಿ ಉಕ್ಕಿನ ತೊಲೆಗಳಿದ್ದವು. ಉಕ್ಕೇ ಏಕೆ? ತೊಲೆಯೊಂದು ಭಾರಕ್ಕೆ ಬಾಗಿದಾಗ ಅದರ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಅಂಚು ಎಳೆದುಕೊಳ್ಳುತ್ತದೆ. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳಿದರೂ ಎಳೆತಕ್ಕೆ ಫಕ್ಕನೆ ಮುರಿಯುವುದು. ಉಕ್ಕು ಎರಡನ್ನೂ ತಾಳುತ್ತದೆ. ಆ ಕಟ್ಟಡವನ್ನು 1931ರಲ್ಲಿ ಕೆಡವಿದರು. ಇಂದು ಚಿತ್ರಗಳಲ್ಲಿ ಮಾತ್ರ ನೋಡಬಹುದು.

ಆದರೆ ಅದಕ್ಕೂ ಹಿಂದಿನ ಪಂಜರವೊಂದು ನಮ್ಮ ಮುಂಬಯಿಯಲ್ಲಿಯೇ ಇದೆ. ಚರ್ಚ್‌ಗೇಟಿನಲ್ಲಿ ರೈಲಿನಿಂದಿಳಿದು ಕಾಲಾ ಘೋಡಾಕ್ಕೆ ನಡೆದರೆ ಕಾಣುವ ಎಸ್ಪ್ಲನೇಡ್ ಮ್ಯಾನ್ಷನ್ ಅದು. ಅಂದಿನ ಹೆಸರು ವಾಟ್ಸನ್ ಹೋಟೆಲು. ರೋಲೆಂಡ್ ಮೇಸನ್ ಆರ್ಡಿಷ್ ಎಂಬ ಎಂಜಿನಿಯರನು ರೂಪಿಸಿದ ಕಬ್ಬಿಣದ ಕಂಬ ತೊಲೆಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, 1860ರ ದಶಕದಲ್ಲಿ ಇಲ್ಲಿ ಜೋಡಿಸಿದರು. ಇಟ್ಟಿಗೆ ಬರಿಯ ತುಂಬುವಿಕೆ. 1896ರ ಜುಲೈ 7ರಂದು ಭಾರತದ ಮೊದಲ ಚಲನಚಿತ್ರ ಪ್ರದರ್ಶನ ನಡೆದದ್ದು ಇಲ್ಲಿಯೇ ಎಂದರೆ ನಿಮಗೆ ಹೆಚ್ಚು ಕುತೂಹಲವಾದೀತು!

ಈ ನಗರಕ್ಕೆ ಬಂದ ಹೊಸದರಲ್ಲಿ ನಾನೊಮ್ಮೆ ಮಳೆಗೆ ಅದರ ಕೆಳಗೆ ನಿಂತಿದ್ದೆ. ಅದು ಏನೆಂದು ತಿಳಿದಿರಲಿಲ್ಲ. ಹಳೆಯ ಪಾಳು ಕಟ್ಟಡವೆಂದುಕೊಂಡು ಹೊರಟುಬಂದೆ. ಹೋಟೆಲು ಮುಚ್ಚಿದ ಮೇಲೆ ಅದನ್ನು ಕೋಣೆಕೋಣೆಯಾಗಿ ಸೀಳಿ ಬಾಡಿಗೆಗೆ ಕೊಟ್ಟಿದ್ದರು. ಸಮುದ್ರದ ಉಪ್ಪುಗಾಳಿಗೂ ಮಳೆಗೂ ಆರೈಕೆಯಿಲ್ಲದ ಕಬ್ಬಿಣ ಎಷ್ಟು ಕಾಲ ನಿಂತೀತು? 2005ರಲ್ಲಿ ಒಂದು ಭಾಗ ಕುಸಿಯಿತು. 2019ರಲ್ಲಿ ಅಪಾಯಕಾರಿಯೆಂದು ಇದ್ದವರನ್ನೆಲ್ಲ ತೆರವು ಮಾಡಿಸಿದರು. ಕೆಡವಬೇಕೆಂದವರೂ ಉಂಟು, ಉಳಿಸಬೇಕೆಂದವರೂ ಉಂಟು. ಬಾಡಿಗೆದಾರರ ಕಷ್ಟ ನನಗೆ ತಿಳಿಯದ್ದೇನಲ್ಲ. ಆದರೂ ನಾನು ಉಳಿಸಬೇಕೆನ್ನುವವರ ಕಡೆಗೆ.

ರಜೆಯಲ್ಲಿ ಹಿರಿಯರೊಡನೆ ಹೋಗಿ ನೋಡಿರಿ. ಕೆಳಗೆ ನಿಲ್ಲಬೇಡಿರಿ, ಎದುರು ಬದಿಯಲ್ಲಿ ನಿಂತು ಕಂಬಗಳ ಸಾಲನ್ನು ಎಣಿಸಿರಿ.