ತಪ್ಪು ಹೆಸರಿನಿಂದ ಬಂದ ಅತಿಥಿ

ಹಂಪೆಯ ಮಾತಂಗ ಪರ್ವತದ ಮೇಲೆ ನಿಂತು ಆಗಸ್ಟ್ ತಿಂಗಳ ಮುನ್ನಿರುಳಿನಲ್ಲಿ ದಕ್ಷಿಣಕ್ಕೆ ನೋಡಿದರೆ, ವೃಶ್ಚಿಕದ ಮೇಲ್ಗಡೆ ಉರಗಧರ ನಕ್ಷತ್ರಮಂಡಲ ಕಾಣುವುದು. 2023ರ ಆಗಸ್ಟ್ 24ರಂದು ಆ ದಿಕ್ಕಿನಿಂದ ಕಣ್ಣಿಗೆ ಕಾಣದ ಎಕ್ಸ್-ಕಿರಣಗಳ ಪ್ರವಾಹವೊಂದು ಹರಿದುಬಂದಿತು. ‘ಸ್ವಿಫ್ಟ್’ ಉಪಗ್ರಹ ಅದನ್ನು ಗುರುತಿಸಿದಾಗ, ವಿಜ್ಞಾನಿಗಳು ಬಹುದೂರದ ಗ್ಯಾಮಾ-ಕಿರಣ ಸ್ಫೋಟವೆಂದೇ ಹೆಸರಿಟ್ಟರು. ಅಂಥ ಸ್ಫೋಟ ಬಹುಬೇಗ ಆರುವುದು. ಇದಾದರೋ ದಿನದಿನಕ್ಕೂ ಪ್ರಜ್ವಲಿಸಿತು. ಹೆಸರು ತಪ್ಪೆಂದೂ ಮೂಲ ನಮ್ಮ ಆಕಾಶಗಂಗೆಯಲ್ಲೇ ಇದೆಯೆಂದೂ ತಿಳಿಯಿತು. ಬೆಂಗಳೂರಿನಿಂದ ನಿಯಂತ್ರಿತವಾದ ‘ಆಸ್ಟ್ರೋಸ್ಯಾಟ್’ ಉಪಗ್ರಹವೂ ಅದರ ಮಿಡಿತವನ್ನು ಅಳೆಯಿತು. ಉಬ್ಬರ ಇಳಿದ ಮೇಲೆ ದೂರದರ್ಶಕಕ್ಕೆ ಮಂದ ನಕ್ಷತ್ರವೊಂದು ಗೋಚರಿಸಿತು, ಅದು 10.8 ಗಂಟೆಗೊಮ್ಮೆ ಕಾಣದ ಜೊತೆಗಾರನನ್ನು ಸುತ್ತುತ್ತಿತ್ತು. ಆ ಜೊತೆಗಾರನ ತೂಕ ಸೂರ್ಯನ ಮೂರರಷ್ಟಕ್ಕೂ ಮಿಗಿಲು! ಅಷ್ಟು ಭಾರವಿದ್ದೂ ಬೆಳಗದಿರುವುದು ಕೃಷ್ಣರಂಧ್ರವಲ್ಲದೆ ಮತ್ತೇನು? ನಕ್ಷತ್ರದಿಂದ ಅದು ಸೆಳೆದ ಅನಿಲ ಸುಳಿಸುಳಿದು ಕಾದುದೇ ಆ ಕಿರಣಪ್ರವಾಹಕ್ಕೆ ಕಾರಣ.