ಅಂಗಡಿಯ ಕರ, ಊರಿನ ಬೊಕ್ಕಸ

ಗೃಹಕೃತ್ಯಕ್ಕೂ ರಾಜ್ಯಕೃತ್ಯಕ್ಕೂ ಹೋಲಿಕೆಯುಂಟೆಂದು ತಿಳಿದವರು ಹೇಳುವುದುಂಟು. ಮನೆಯೊಡತಿಯು ತಿಂಗಳ ಮೊದಲಲ್ಲಿ ವರಮಾನವನ್ನೆಣಿಸಿ, ಅಕ್ಕಿಬೇಳೆಗಿಷ್ಟು, ಹಾಲಿಗಿಷ್ಟು, ಮಕ್ಕಳ ವಿದ್ಯೆಗಿಷ್ಟು ಎಂದು ಪಾಲುಮಾಡಿ, ಆಪತ್ಕಾಲಕ್ಕೆಂದು ಅಷ್ಟಿಷ್ಟನ್ನು ತೆಗೆದಿಡುವಂತೆಯೇ, ಸರಕಾರವೂ ಪುರಸಭೆಯೂ ವರ್ಷವರ್ಷವೂ ಆಯವ್ಯಯದ ಲೆಕ್ಕವನ್ನು ಹಾಕುತ್ತವೆ. ಆದರೆ ಇವೆರಡಕ್ಕೂ ಒಂದು ಭೇದವಿದೆ. ಮನೆಯೊಡತಿಯು ವೆಚ್ಚಮಾಡುವುದು ತನ್ನವರು ದುಡಿದು ತಂದ ಹಣವನ್ನು. ಸರಕಾರವು ವೆಚ್ಚಮಾಡುವುದು ಪರರು ದುಡಿದು ಕೊಟ್ಟ ಹಣವನ್ನು. ಆದುದರಿಂದ ಯಾವ ಕರವನ್ನು ಕುರಿತಾದರೂ ಮೂರು ಪ್ರಶ್ನೆಗಳನ್ನು ಕೇಳುವ ಹಕ್ಕು ಪ್ರಜೆಗೆ ಇದ್ದೇ ಇದೆ: ಇದನ್ನು ಯಾರಿಂದ ಕೊಳ್ಳುತ್ತೀರಿ? ಯಾವ ಅಳತೆಯಿಂದ ಅಳೆಯುತ್ತೀರಿ? ಕೊಂಡುದನ್ನು ಯಾವುದಕ್ಕೆ ವೆಚ್ಚಮಾಡುತ್ತೀರಿ?

ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯದಿದ್ದರೆ ಏನಾಗುವುದೆಂಬುದನ್ನು ತಿಳಿಯಲು ಇಂಗ್ಲೆಂಡ್ ದೇಶದ ಅನುಭವವು ಒಳ್ಳೆಯ ಪಾಠವಾಗಿದೆ. ಅಲ್ಲಿ ಅಂಗಡಿ, ಕಾರ್ಖಾನೆ, ಕಚೇರಿಗಳ ಮೇಲೆ ವಿಧಿಸುವ ಕರವನ್ನು ಕುರಿತು ಬಹುಕಾಲದಿಂದ ವಾದವು ನಡೆಯುತ್ತಲೇ ಇದೆ. ದೂರದೇಶದ ಮಾತು ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ಊರುಗಳ ಮನೆಕಂದಾಯದ ಪದ್ಧತಿಯು ಆ ದೇಶದ ಮಾದರಿಯಿಂದಲೇ ಬಂದುದಾದ್ದರಿಂದ ಈ ಮಾತು ನಮ್ಮದೂ ಹೌದು.

ಮೊದಲು ಅಳತೆಯ ವಿಷಯವನ್ನು ನೋಡೋಣ. 1696ರಲ್ಲಿ ಇಂಗ್ಲೆಂಡಿನ ಸರಕಾರವು ಮನೆಯ ಕಿಟಕಿಗಳನ್ನು ಲೆಕ್ಕಹಾಕಿ ತೆರಿಗೆ ಕೊಳ್ಳುವ ಪದ್ಧತಿಯನ್ನು ಏರ್ಪಡಿಸಿತು. ದೊಡ್ಡ ಮನೆಗೆ ಕಿಟಕಿ ಹೆಚ್ಚು, ಆದ್ದರಿಂದ ಧನಿಕನು ಹೆಚ್ಚು ಕೊಡುವನು ಎಂಬುದು ಅದರ ತರ್ಕ. ಬೀದಿಯಲ್ಲಿ ನಿಂತೇ ಕಿಟಕಿಗಳನ್ನು ಎಣಿಸಬಹುದಾದ್ದರಿಂದ ಅಧಿಕಾರಿಗಳಿಗೂ ಅದು ಸುಲಭವಾಗಿತ್ತು. ಆದರೆ ಜನರು ಮಾಡಿದುದೇನು? ಇಟ್ಟಿಗೆ ಗಾರೆಗಳಿಂದ ಕಿಟಕಿಗಳನ್ನೇ ಮುಚ್ಚಿದರು. ಬಡವರು ಬಾಡಿಗೆಗಿದ್ದ ದೊಡ್ಡ ಕಟ್ಟಡಗಳಲ್ಲಿ ಮಾಲಿಕರು ಬೆಳಕಿನ ದಾರಿಯನ್ನೇ ಕಟ್ಟಿಬಿಟ್ಟರು. ಗಾಳಿಬೆಳಕಿಲ್ಲದ ಕೋಣೆಗಳಲ್ಲಿ ರೋಗವು ಹೆಚ್ಚುವುದೆಂದು ವೈದ್ಯರು ಮೊರೆಯಿಟ್ಟರು. ಕಡೆಗೆ 1851ರಲ್ಲಿ ಆ ತೆರಿಗೆಯನ್ನು ತೆಗೆದುಹಾಕಲಾಯಿತು. ಅಂದು ಮುಚ್ಚಿದ ಕಿಟಕಿಗಳ ಗುರುತು ಅಲ್ಲಿನ ಹಳೆಯ ಮನೆಗಳಲ್ಲಿ ಈಗಲೂ ಕಾಣಸಿಗುತ್ತದೆ. ಅಧಿಕಾರಿಗೆ ಸುಲಭವಾದ ಅಳತೆಯೆಲ್ಲವೂ ಪ್ರಜೆಗೆ ಹಿತವಾದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ.

ಇನ್ನು ‘ರೇಟ್ಸ್’ ಎಂಬ ಸ್ಥಳೀಯ ಕರದ ವಿಷಯ. ಇದರ ಮೂಲವು ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾನೂನಿನಲ್ಲಿದೆ. ಪ್ರತಿಯೊಂದು ಪ್ಯಾರಿಷ್, ಎಂದರೆ ಚರ್ಚಿನ ಎಲ್ಲೆಗೆ ಸೇರಿದ ಊರು, ತನ್ನಲ್ಲಿನ ದೀನರನ್ನೂ ವೃದ್ಧರನ್ನೂ ಅಶಕ್ತರನ್ನೂ ತಾನೇ ಸಲಹತಕ್ಕದ್ದೆಂದೂ, ಅದಕ್ಕೆ ಬೇಕಾದ ಹಣವನ್ನು ಅಲ್ಲಿ ನೆಲಮನೆಗಳನ್ನು ಅನುಭವಿಸುವವರಿಂದ ಎತ್ತತಕ್ಕದ್ದೆಂದೂ ಆ ಕಾನೂನು ವಿಧಿಸಿತು. ಇದರಲ್ಲಿ ಒಂದು ಗುಣವಿತ್ತು. ಕೊಡುವವನಿಗೆ ತನ್ನ ಹಣವು ಎಲ್ಲಿಗೆ ಹೋಯಿತೆಂಬುದು ಕಣ್ಣಿಗೆ ಕಾಣುತ್ತಿತ್ತು. ಪಕ್ಕದ ಬೀದಿಯ ಅನಾಥ ಮುದುಕಿಗೆ ರೊಟ್ಟಿ ದೊರೆಯಿತೇ ಇಲ್ಲವೇ ಎಂಬುದನ್ನು ಆತನೇ ನೋಡಬಹುದಾಗಿತ್ತು. ಕಾಲಕ್ರಮದಲ್ಲಿ ದೀಪ, ದಾರಿ, ಚರಂಡಿ, ಪಾಠಶಾಲೆಗಳ ವೆಚ್ಚವೂ ಈ ಕರದ ಮೇಲೆಯೇ ಬಿದ್ದಿತು.

1990ರಲ್ಲಿ ಇದರ ಸ್ವರೂಪವು ಮಾರ್ಪಟ್ಟಿತು. ಅದಕ್ಕೆ ಮುಂಚೆ ಕರದ ಪ್ರಮಾಣವನ್ನು ಆಯಾ ಊರಿನ ಸಭೆಯೇ ಗೊತ್ತುಮಾಡುತ್ತಿತ್ತು. ಮಾರ್ಗರೆಟ್ ಥ್ಯಾಚರ್ ಅವರ ಸರಕಾರವು ವಾಸದ ಮನೆಗಳನ್ನು ಬೇರೆಮಾಡಿ, ಅಂಗಡಿ ಕಾರ್ಖಾನೆಗಳಿಗೆ ದೇಶಕ್ಕೆಲ್ಲ ಒಂದೇ ಪ್ರಮಾಣವನ್ನು ವಿಧಿಸಿತು. ವಸೂಲಾದ ಹಣವು ಕೇಂದ್ರದ ಒಂದೇ ಕೊಳಕ್ಕೆ ಸೇರಿ, ಅಲ್ಲಿಂದ ಜನಸಂಖ್ಯೆಗೆ ತಕ್ಕಂತೆ ಊರುಗಳಿಗೆ ಹಂಚಲ್ಪಡುತ್ತಿತ್ತು. 2013ರಿಂದ ಅರ್ಧಭಾಗವನ್ನು ಸ್ಥಳೀಯ ಸಭೆಗಳೇ ಇಟ್ಟುಕೊಳ್ಳಬಹುದೆಂದು ಏರ್ಪಾಡಾಯಿತು. ಅಂಗಡಿಕಾರನೆಂಬ ಕಾರಣದಿಂದ ಊರಿನ ಚುನಾವಣೆಯಲ್ಲಿ ಪಡೆಯುತ್ತಿದ್ದ ಮತವು 1969ರಲ್ಲಿಯೇ ಲಂಡನ್ನಿನ ಹಳೆಯ ಸಿಟಿ ಭಾಗವೊಂದನ್ನುಳಿದು ಎಲ್ಲೆಡೆಯೂ ರದ್ದಾಗಿತ್ತು. ಹೀಗೆ ವರ್ತಕನು ಕೊಡುವವನಾಗಿ ಉಳಿದನು, ಕೇಳುವವನಾಗಿ ಉಳಿಯಲಿಲ್ಲ.

ಮನೆಗಳ ಮಟ್ಟಿಗೆ ಅದೇ ಸರಕಾರವು ತಂದ ತಲೆಗಂದಾಯದ ಗತಿಯೂ ಸ್ಮರಣೀಯವಾದುದು. ಡ್ಯೂಕನಾಗಲಿ, ಬೀದಿ ಗುಡಿಸುವವನಾಗಲಿ, ಒಂದೇ ಊರಿನಲ್ಲಿದ್ದರೆ ಬಹುಮಟ್ಟಿಗೆ ಒಂದೇ ಮೊತ್ತವನ್ನು ಕೊಡಬೇಕೆಂಬುದೇ ಅದರ ಸಾರಾಂಶ. 1989ರಲ್ಲಿ ಸ್ಕಾಟ್ಲೆಂಡಿನಲ್ಲಿಯೂ 1990ರಲ್ಲಿ ಇಂಗ್ಲೆಂಡು ವೇಲ್ಸುಗಳಲ್ಲಿಯೂ ಅದು ಜಾರಿಗೆ ಬಂದಿತು. ಲಕ್ಷಾಂತರ ಜನರು ಕೊಡಲೊಲ್ಲೆವೆಂದರು. 1990ರ ಮಾರ್ಚಿ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಭೆಯಾಯಿತು. ಆ ವರ್ಷದ ನವೆಂಬರಿನಲ್ಲಿ ಥ್ಯಾಚರ್ ಅವರು ಪ್ರಧಾನಿಪದವನ್ನು ಬಿಡಬೇಕಾಗಿ ಬಂದುದಕ್ಕೆ ಇದೂ ಒಂದು ಮುಖ್ಯಕಾರಣವಾಯಿತು. 1993ರಲ್ಲಿ ತಲೆಗಂದಾಯವು ಹೋಗಿ ಮನೆಯ ಬೆಲೆಗೆ ತಕ್ಕ ಕರವು ಬಂದಿತು. ಇದರಿಂದ ತಿಳಿದುಬರುವುದೇನೆಂದರೆ, ಪ್ರಜೆಯು ಭಾರವನ್ನು ಹೊತ್ತಾನು, ಅನ್ಯಾಯವನ್ನು ಹೊರಲಾರನು.

ಈಗ ಅಂಗಡಿಯ ಕರದ ಲೆಕ್ಕವನ್ನು ನೋಡೋಣ. ಒಂದು ಅಂಗಡಿಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆಷ್ಟು ಬರಬಹುದೆಂದು ಸರಕಾರದ ಮೌಲ್ಯನಿರ್ಣಯ ಇಲಾಖೆಯು ಅಂದಾಜುಮಾಡುತ್ತದೆ. ಪೌಂಡೊಂದಕ್ಕೆ ಇಷ್ಟು ಪೆನ್ನಿಯೆಂದು ಸರಕಾರವು ಸಾರಿದ ಪ್ರಮಾಣದಿಂದ ಅದನ್ನು ಗುಣಿಸಿದರೆ ಕರವು ದೊರೆಯುತ್ತದೆ. ಗಮನಿಸಬೇಕಾದುದೇನೆಂದರೆ, ಇದು ಲಾಭದ ಮೇಲಿನ ತೆರಿಗೆಯಲ್ಲ. ಗಿರಾಕಿಗಳು ಬಂದರೂ ಬಾರದಿದ್ದರೂ, ವ್ಯಾಪಾರದಲ್ಲಿ ನಷ್ಟವೇ ಆದರೂ, ಇದನ್ನು ಕೊಟ್ಟೇ ತೀರಬೇಕು. ಪೇಟೆಬೀದಿಯ ಚಿಕ್ಕ ಪುಸ್ತಕದಂಗಡಿಯ ನೆಲಕ್ಕೆ ಬಾಡಿಗೆ ಹೆಚ್ಚು. ಊರಾಚೆಯ ಬಯಲಿನಲ್ಲಿ ಕಟ್ಟಿದ ದೊಡ್ಡ ಉಗ್ರಾಣಕ್ಕೆ ಅಡಿಯೊಂದರ ಬಾಡಿಗೆ ಕಡಮೆ. ಅಂತರಜಾಲದಲ್ಲಿ ಮಾರಾಟಮಾಡುವ ವ್ಯಾಪಾರಿಗೆ ಬೀದಿಯ ಅಂಗಡಿಯೇ ಬೇಕಿಲ್ಲವಾದ್ದರಿಂದ ಈ ಅಳತೆಯು ಅವನಿಗೆ ಲಾಭಕರವಾಗಿ, ನೆರೆಹೊರೆಯ ಅಂಗಡಿಗೆ ಭಾರವಾಗಿ ಪರಿಣಮಿಸಿತು.

ಅಳತೆಗೋಲು ಹಳತಾದರೆ ಅನ್ಯಾಯವು ಇಮ್ಮಡಿಯಾಗುತ್ತದೆ. 2010ರ ಪಟ್ಟಿಯು 2008ರ ಏಪ್ರಿಲಿನ ಬಾಡಿಗೆಗಳನ್ನು ಆಧರಿಸಿತ್ತು. ಅದಾದ ಕೆಲವು ತಿಂಗಳುಗಳಲ್ಲಿಯೇ ಪ್ರಪಂಚದ ಹಣದ ಪೇಟೆಯು ಕುಸಿದು, ಅನೇಕ ಸಣ್ಣ ಪಟ್ಟಣಗಳಲ್ಲಿ ಬಾಡಿಗೆಯು ಇಳಿದುಹೋಯಿತು. 2015ರಲ್ಲಿ ಆಗಬೇಕಾಗಿದ್ದ ಹೊಸ ಮೌಲ್ಯನಿರ್ಣಯವನ್ನು ಸರಕಾರವು ಎರಡು ವರ್ಷ ಮುಂದೂಡಿತು. ಆದಕಾರಣ ಬಡಪಟ್ಟಣದ ಅಂಗಡಿಕಾರನು 2017ರವರೆಗೂ ಇಲ್ಲದ ಬಾಡಿಗೆಗೆ ಕರ ತೆತ್ತನು. ಬಾಡಿಗೆಯು ಏರಿದ್ದ ಲಂಡನ್ನಿನ ಒಳ್ಳೆಯ ಬೀದಿಗಳವರಾದರೋ ಹಳೆಯ ಅಗ್ಗದ ಲೆಕ್ಕದಲ್ಲಿಯೇ ಉಳಿದರು. ಈಗ ಮೂರು ವರ್ಷಕ್ಕೊಮ್ಮೆ ಮೌಲ್ಯವನ್ನು ಪರೀಕ್ಷಿಸುವ ಕ್ರಮವು ಬಂದಿರುವುದು ಮೆಚ್ಚತಕ್ಕ ವಿಷಯ.

ಇಂತಹ ಕುಂದುಗಳನ್ನು ಸರಕಾರವು ರಿಯಾಯಿತಿಗಳ ತೇಪೆಯಿಂದ ಮುಚ್ಚುತ್ತ ಬಂದಿತು. 2017ರಿಂದ 12,000 ಪೌಂಡುಗಳವರೆಗಿನ ಬಾಡಿಗೆಮೌಲ್ಯದ ಒಂದೇ ಅಂಗಡಿಯುಳ್ಳ ಸಣ್ಣ ವರ್ತಕನಿಗೆ ಈ ಕರವು ಪೂರ್ತಿಯಾಗಿ ಮಾಫಿಯಾಯಿತು. ಇದು ಒಳ್ಳೆಯ ಕಾರ್ಯವೇ. 2020ರ ಕೋವಿಡ್ ಪಿಡುಗಿನ ಕಾಲದಲ್ಲಿ ಚಿಲ್ಲರೆ ಅಂಗಡಿ, ಹೋಟೆಲು, ವಿನೋದಗೃಹಗಳೆಲ್ಲಕ್ಕೂ ಒಂದು ವರ್ಷದ ಕರವನ್ನು ಬಿಟ್ಟುಕೊಡಲಾಯಿತು. ಆಗ ಭರದಿಂದ ವ್ಯಾಪಾರವಾದ ದೊಡ್ಡ ದಿನಸಿ ಮಳಿಗೆಗಳಿಗೂ ಅದು ದೊರೆತುದನ್ನು ಕಂಡು ಜನರು ಆಕ್ಷೇಪಿಸಿದರು. ಟೆಸ್ಕೊ ಕಂಪೆನಿಯು ಆ ವರ್ಷದ ಡಿಸೆಂಬರಿನಲ್ಲಿ 58.5 ಕೋಟಿ ಪೌಂಡುಗಳನ್ನು ಹಿಂದಕ್ಕೆ ಕೊಡುವುದಾಗಿ ಸಾರಿತು. ಬೇರೆ ಮಳಿಗೆಗಳವರೂ ಹಾಗೆಯೇ ಮಾಡಿದರು.

ತೇಪೆಯು ವರ್ಷವರ್ಷಕ್ಕೂ ಬದಲಾದರೆ ಸಣ್ಣ ಕುಟುಂಬದ ಗತಿಯೇನು? ಇಪ್ಪತ್ತುಸಾವಿರ ಪೌಂಡಿನ ಬಾಡಿಗೆಮೌಲ್ಯವುಳ್ಳ ಅಂಗಡಿಯೊಂದನ್ನು ಗಂಡಹೆಂಡಿರು ನಡೆಸುತ್ತಿರುವರೆಂದು ಭಾವಿಸೋಣ. ಪೌಂಡಿಗೆ 49.9 ಪೆನ್ನಿಯ ಪ್ರಮಾಣದಲ್ಲಿ ಅವರ ಕರವು 9,980 ಪೌಂಡು. 2024ರ ಏಪ್ರಿಲಿನಿಂದ ಒಂದು ವರ್ಷ ನೂರಕ್ಕೆ 75ರ ರಿಯಾಯಿತಿಯಿದ್ದುದರಿಂದ ಅವರು ಕೊಟ್ಟುದು 2,495 ಪೌಂಡು. ಮರುವರ್ಷ ರಿಯಾಯಿತಿಯು ನೂರಕ್ಕೆ 40ಕ್ಕೆ ಇಳಿಯಿತು. ಕರವು 5,988 ಪೌಂಡಿಗೆ ಏರಿತು. ಪೌಂಡೊಂದು ನಮ್ಮ ನೂರು ರೂಪಾಯಿಗಿಂತ ಮಿಗಿಲಾದುದೆಂಬುದನ್ನು ನೆನೆದರೆ, ಒಂದೇ ವರ್ಷದಲ್ಲಿ ಮೂರೂವರೆ ಲಕ್ಷ ರೂಪಾಯಿಗೂ ಹೆಚ್ಚಿನ ಹೊರೆಯು ಬಿದ್ದಂತಾಯಿತು. ಅಂಗಡಿಯು ಬೆಳೆಯಲಿಲ್ಲ, ಗಿರಾಕಿಗಳು ಹೆಚ್ಚಲಿಲ್ಲ, ಹೆಚ್ಚಿದುದು ಕರವೊಂದೇ. ಇಂತಹ ಸ್ಥಿತಿಯಲ್ಲಿ ಕೆಲಸದ ಹುಡುಗನೊಬ್ಬನನ್ನು ಬಿಡಿಸುವುದೋ, ಬಾಗಿಲನ್ನೇ ಮುಚ್ಚುವುದೋ ಎಂಬ ಚಿಂತೆಯು ಮನೆಯೊಳಕ್ಕೆ ಬರುವುದು ಸಹಜ. ಚಿಲ್ಲರೆ ಅಂಗಡಿಗಳಿಗೆ ಶಾಶ್ವತವಾಗಿ ಕಡಮೆ ಪ್ರಮಾಣವನ್ನೂ, ಐದುಲಕ್ಷ ಪೌಂಡು ಮತ್ತು ಅದಕ್ಕೆ ಮೇಲ್ಪಟ್ಟ ಮೌಲ್ಯದ ಕಟ್ಟಡಗಳಿಗೆ ಹೆಚ್ಚು ಪ್ರಮಾಣವನ್ನೂ 2026ರ ಏಪ್ರಿಲಿನಿಂದ ವಿಧಿಸುವುದಾಗಿ 2025ರ ನವೆಂಬರಿನ ಆಯವ್ಯಯದಲ್ಲಿ ಸರಕಾರವು ಸಾರಿತು. ಉಗ್ರಾಣಕ್ಕೂ ಅಂಗಡಿಗೂ ಇದ್ದ ತಾರತಮ್ಯವನ್ನು ತಗ್ಗಿಸುವುದೇ ಇದರ ಉದ್ದೇಶ.

ಹಾಗಾದರೆ ಕರವನ್ನೇ ತೆಗೆದುಹಾಕಬಾರದೇಕೆ? ಇಲ್ಲಿ ಮೂರನೆಯ ಪ್ರಶ್ನೆಯು ಎದುರಾಗುತ್ತದೆ. ಇಂಗ್ಲೆಂಡಿನ ಸ್ಥಳೀಯ ಸಭೆಗಳು ಅಶಕ್ತ ವೃದ್ಧರ ಆರೈಕೆಯನ್ನೂ ಅನಾಥ ಮಕ್ಕಳ ಪೋಷಣೆಯನ್ನೂ ಕಾನೂನಿನಂತೆ ಮಾಡಲೇಬೇಕು. 2010ರ ಬಳಿಕ ಕೇಂದ್ರದ ಅನುದಾನವು ಬಹುವಾಗಿ ಕುಗ್ಗಿತು. ವೃದ್ಧರ ಸಂಖ್ಯೆಯಾದರೋ ಬೆಳೆಯಿತು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆಯು ತನ್ನಲ್ಲಿ ಹಣವಿಲ್ಲವೆಂದೂ, ಕಾನೂನಿನ ಕರ್ತವ್ಯಗಳ ಹೊರತು ಹೊಸ ವೆಚ್ಚವನ್ನು ಮಾಡಲಾರೆನೆಂದೂ ಪ್ರಕಟಿಸಿತು. ಅಲ್ಲಿನ ಸಂಕಟಕ್ಕೆ ಮತ್ತೊಂದು ಕಾರಣವನ್ನು ನಮ್ಮ ಸೋದರಿಯರು ಗಮನಿಸಬೇಕು. ಅಡಿಗೆ, ಶುಚಿತ್ವ, ಆರೈಕೆಗಳ ಕೆಲಸಮಾಡುತ್ತಿದ್ದ ಸ್ತ್ರೀಯರಿಗೆ ಸಮಾನಮಟ್ಟದ ಕೆಲಸದಲ್ಲಿದ್ದ ಪುರುಷರಿಗಿಂತ ಕಡಮೆ ಸಂಬಳವನ್ನು ಆ ಸಭೆಯು ಬಹುಕಾಲ ಕೊಟ್ಟಿತ್ತು. ಅವರು ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಆ ಬಾಕಿಗಾಗಿ ಸುಮಾರು 110 ಕೋಟಿ ಪೌಂಡುಗಳನ್ನು ತೆತ್ತ ಮೇಲೂ ಋಣವು ಮುಗಿದಿರಲಿಲ್ಲ. ಅಂದು ಸ್ತ್ರೀಯರ ಕೂಲಿಯಲ್ಲಿ ಮಾಡಿದ ಉಳಿತಾಯವು ಉಳಿತಾಯವಾಗಲಿಲ್ಲ, ಸಾಲವಾಯಿತು. 2024ರಲ್ಲಿ ಆ ನಗರದ ಮನೆಗಳ ಕರವು ನೂರಕ್ಕೆ ಹತ್ತರಷ್ಟು ಏರಿತು. ಕಲೆಗಳಿಗೆ ಕೊಡುತ್ತಿದ್ದ ಸಹಾಯವು ಕಡಿತಕ್ಕೆ ಗುರಿಯಾಯಿತು. ಅಂಗಡಿಕಾರನ ಅಳಲೂ ನಿಜ, ಮುದುಕಿಯ ಅಗತ್ಯವೂ ನಿಜ. ಇವೆರಡನ್ನೂ ತೂಗಿ ನೋಡುವುದೇ ರಾಜ್ಯಭಾರದ ಕಷ್ಟ.

ನಮ್ಮ ನಾಡಿನ ಕಡೆಗೆ ತಿರುಗೋಣ. ಬೆಂಗಳೂರಿನಲ್ಲಿಯೂ ಮೊದಲು ಬಾಡಿಗೆಮೌಲ್ಯದ ಅಂದಾಜೇ ಕಂದಾಯಕ್ಕೆ ಆಧಾರವಾಗಿತ್ತು. ಅಂದಾಜು ಅಧಿಕಾರಿಯ ಕೈಯಲ್ಲಿದ್ದುದರಿಂದ ತಕರಾರಿಗೂ ಲಂಚಕ್ಕೂ ಎಡೆಯಿತ್ತು. 2000ದಲ್ಲಿ ಮಹಾನಗರಪಾಲಿಕೆಯು ಮನೆಯವರೇ ತಮ್ಮ ಕಂದಾಯವನ್ನು ಲೆಕ್ಕಹಾಕಿ ಕಟ್ಟುವ ಸ್ವಯಂಘೋಷಣೆಯ ಪದ್ಧತಿಯನ್ನು ತಂದಿತು. 2008ರ ಸಾಲಿನಿಂದ ಬೀದಿಗಳನ್ನು ಆರು ವಲಯಗಳಾಗಿ ವಿಂಗಡಿಸಿ, ಚದರಡಿಗೆ ಇಷ್ಟೆಂದು ಗೊತ್ತುಮಾಡಲಾಯಿತು. ವಾಸದ ಮನೆಗೊಂದು, ಅಂಗಡಿಗೊಂದು ದರ. ಗುಟ್ಟಿನ ಅಂದಾಜಿಗೆ ಬದಲಾಗಿ ಎಲ್ಲರೂ ಓದಬಹುದಾದ ಪಟ್ಟಿಯು ಬಂದಿತು. ಇದು ಸಣ್ಣ ಸುಧಾರಣೆಯಲ್ಲ.

ಆದರೆ ನಮ್ಮ ಊರುಗಳಿಗೆ ಸ್ವಂತ ಆದಾಯದ ಬಾಗಿಲುಗಳು ಒಂದೊಂದಾಗಿ ಮುಚ್ಚಿವೆ. ಊರಬಾಗಿಲಿನ ಸುಂಕವಾದ ಆಕ್ಟ್ರಾಯ್ 1979ರಲ್ಲಿ ಕರ್ನಾಟಕದಲ್ಲಿ ರದ್ದಾಯಿತು. ಗಾಡಿಗಳನ್ನು ನಾಕೆಗಳಲ್ಲಿ ತಡೆಯುವ ಕಾಟವು ತಪ್ಪಿದುದು ಒಳ್ಳೆಯದೇ. ಆದರೆ ಪುರಸಭೆಗಳು ಅದಕ್ಕೆ ಬದಲಾಗಿ ರಾಜ್ಯದ ಅನುದಾನವನ್ನು ನಿರೀಕ್ಷಿಸಬೇಕಾಯಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಬಂದ ಮೇಲೆ ವ್ಯಾಪಾರದ ತೆರಿಗೆಗಳು ಕೇಂದ್ರಕ್ಕೂ ರಾಜ್ಯಕ್ಕೂ ಸಲ್ಲುತ್ತವೆ. ಊರಿಗೆ ತನ್ನದೆಂದು ಹೇಳಿಕೊಳ್ಳಲು ಮುಖ್ಯವಾಗಿ ಉಳಿದಿರುವುದು ಮನೆ ಅಂಗಡಿಗಳ ಕಂದಾಯವೇ. ಅದನ್ನು ಕೊಡದೆ ತಪ್ಪಿಸಿಕೊಳ್ಳುವವನು ತನ್ನ ಬೀದಿಯ ದೀಪವನ್ನು ತಾನೇ ಆರಿಸಿದಂತೆ.

ಕೊಡುವವನ ಕರ್ತವ್ಯದಂತೆ ಕೊಳ್ಳುವವನ ಕರ್ತವ್ಯವೂ ಒಂದುಂಟು: ಲೆಕ್ಕವೊಪ್ಪಿಸುವುದು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿಯು ಮುಗಿದ ಬಳಿಕ ಐದು ವರ್ಷಗಳ ಕಾಲ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. 2025ರಲ್ಲಿ ಆ ಪಾಲಿಕೆಯು ಐದು ಪಾಲಿಕೆಗಳಾಯಿತು. ಕಂದಾಯದ ಚೀಟಿಯು ವರ್ಷವರ್ಷವೂ ತಪ್ಪದೆ ಬಂದಿತು. ಲೆಕ್ಕ ಕೇಳಬಲ್ಲ ನಮ್ಮ ಪ್ರತಿನಿಧಿಯು ಮಾತ್ರ ಇರಲಿಲ್ಲ. ಇಂಗ್ಲೆಂಡಿನ ವರ್ತಕನ ಕೊರಗೂ ಬೆಂಗಳೂರಿನ ಗೃಹಸ್ಥನ ಕೊರಗೂ ಇಲ್ಲಿ ಒಂದೇ ಆಗುತ್ತವೆ.

ದುಂಬಿಯು ಹೂವಿಗೆ ನೋವಾಗದಂತೆ ಮಧುವನ್ನು ಕೊಳ್ಳುವ ಹಾಗೆ ಅರಸನು ಕರವನ್ನು ಕೊಳ್ಳಬೇಕೆಂದು ನಮ್ಮ ಪ್ರಾಚೀನರು ಉಪದೇಶಿಸಿದರು. ಅಳತೆಯು ಹೊಸದಾಗಿರಬೇಕು, ಎಲ್ಲರಿಗೂ ತಿಳಿಯುವಂತಿರಬೇಕು; ರಿಯಾಯಿತಿಯು ಮುಂಚಿತವಾಗಿ ಗೊತ್ತಿರಬೇಕು; ವೆಚ್ಚದ ಲೆಕ್ಕವು ಬಯಲಿನಲ್ಲಿರಬೇಕು. ಇಷ್ಟನ್ನು ಬೇಡುವುದಕ್ಕೆ ಅರ್ಥಶಾಸ್ತ್ರದ ಪಾಂಡಿತ್ಯವು ಬೇಕಿಲ್ಲ. ಮನೆಯ ಜಮಾಖರ್ಚಿನ ಪುಸ್ತಕವನ್ನು ಬರೆಯಬಲ್ಲ ಯಾವ ಗೃಹಿಣಿಯಾದರೂ ಊರಿನ ಆಯವ್ಯಯದ ಪಟ್ಟಿಯನ್ನೂ ಓದಬಲ್ಲಳು. ಮುಂದಿನ ಬಾರಿ ಕಂದಾಯವನ್ನು ಕಟ್ಟಿ ರಸೀತಿಯನ್ನು ಪೆಟ್ಟಿಗೆಯಲ್ಲಿಡುವ ಮುನ್ನ, ಕಳೆದ ವರ್ಷದ ಹಣದಿಂದ ನಮ್ಮ ಬೀದಿಗೆ ಏನಾಯಿತೆಂದು ಪ್ರತಿಯೊಂದು ಮನೆಯವರೂ ಕೇಳಿ ತಿಳಿಯಲೆಂದು ನಾವು ಬಯಸುತ್ತೇವೆ.